ನೀಲಗಿರಿ ರೈಲೋ, ಡಾರ್ಜಿಲಿಂಗ್ ರೈಲೋ? ಅಪ್ಪನ ಜೊತೆ ಎರಡನ್ನೂ ಹತ್ತಿ ನೋಡಿದೆ

ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋದಾಗ ಅಪ್ಪ ಒಂದು ಹಳೆಯ ಎಂಜಿನ್ನಿನ ಮೈಮೇಲೆ ಅಂಗೈ ಇಟ್ಟು ನಿಂತುಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ಕೈ ತೆಗೆದು, "ತಣ್ಣಗಿದೆ ಪುಟ್ಟಿ" ಅಂದರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಅಪ್ಪ ಓದುವ ಕಾಲಕ್ಕೆ ಅರಸೀಕೆರೆಯಿಂದ ಹಾಸನಕ್ಕೆ ಓಡಾಡುತ್ತಿದ್ದದ್ದು ಮೀಟರ್ ಗೇಜ್ ಹೊಗೆಬಂಡಿಯಲ್ಲಿ. ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಕಣ್ಣಿಗೆ ಇದ್ದಿಲ ಕಣ ಬೀಳುತ್ತಿತ್ತಂತೆ. ಮನೆಗೆ ಬಂದರೆ ಅಜ್ಜಿ ಸೆರಗಿನ ತುದಿಯನ್ನು ಉಂಡೆ ಮಾಡಿ, ಊದಿ ಬೆಚ್ಚಗೆ ಮಾಡಿ, ಕಣ್ಣಿಗೆ ಒತ್ತುತ್ತಿದ್ದರಂತೆ. ನಾನು ಇದನ್ನು ಕೇಳುತ್ತಲೇ ಬೆಳೆದೆ. ಆದರೆ ನನಗೆ ಬುದ್ಧಿ ಬಂದ ಮೇಲೆ ನೋಡಿದ್ದೆಲ್ಲ ಡೀಸೆಲ್ ಎಂಜಿನ್ನೇ. ಅಪ್ಪನಿಗೆ ಎಪ್ಪತ್ತೈದು ತುಂಬುವ ಹೊತ್ತಿಗೆ ಅವರನ್ನು ಒಂದು ಬಿಸಿ ಎಂಜಿನ್ನಿನ ಹತ್ತಿರ ಕರೆದುಕೊಂಡು ಹೋಗಲೇಬೇಕು ಅಂತ ನಿರ್ಧಾರ ಮಾಡಿದೆ.

ಹುಡುಕಿದಾಗ ಎರಡು ಹೆಸರು ಎದ್ದು ಕಂಡವು. ಒಂದು ತಮಿಳುನಾಡಿನ ನೀಲಗಿರಿ ಪರ್ವತ ರೈಲು, ಇನ್ನೊಂದು ಪಶ್ಚಿಮ ಬಂಗಾಳದ ಡಾರ್ಜಿಲಿಂಗ್ ಹಿಮಾಲಯ ರೈಲು. ದೆಹಲಿ ಕಡೆ 1855ರ ಫೇರಿ ಕ್ವೀನ್ ಎಂಜಿನ್ ವಿಶೇಷ ಪ್ರಯಾಣಕ್ಕೆ ಹೊರಟದ್ದುಂಟು. ಆದರೆ ಅದು ನಮ್ಮ ರಜೆ ನೋಡಿಕೊಂಡು ಓಡುವ ಗಾಡಿಯಲ್ಲ. ಅದನ್ನು ಬಿಟ್ಟು ಈ ಎರಡನ್ನೇ ಆರಿಸಿಕೊಂಡೆವು. ಹೋದವರು ಮೂರು ಜನ: ಅಪ್ಪ, ನಾನು, ನನ್ನ ಒಂಬತ್ತು ವರ್ಷದ ಮಗ. ಸಂಕ್ರಾಂತಿ ಆದ ಮೇಲೆ ನೀಲಗಿರಿ, ಏಪ್ರಿಲ್ ರಜೆಯಲ್ಲಿ ಡಾರ್ಜಿಲಿಂಗ್.

ಮೊದಲು ನಮ್ಮ ಕಡೆಯವರು ಎಡವುವ ಒಂದು ವಿಷಯ ಹೇಳಿಬಿಡುತ್ತೇನೆ. ಮೈಸೂರು, ಬೆಂಗಳೂರಿನಿಂದ ನಾವು ಊಟಿಗೆ ಹೋಗುವುದು ಬಂಡೀಪುರ, ಗೂಡಲೂರು ದಾರಿಯಲ್ಲಿ. ಊಟಿಯಲ್ಲಿ ರೈಲು ಹತ್ತಿ ಕೂನೂರಿನಲ್ಲಿ ಇಳಿದು, "ಟಾಯ್ ಟ್ರೈನ್ ನೋಡಿದೆವು" ಅಂತ ವಾಪಸ್ ಬರುತ್ತೇವೆ. ಆ ಭಾಗದಲ್ಲಿ ದಿನಾ ಗಾಡಿ ಎಳೆಯುವುದು ಡೀಸೆಲ್ ಎಂಜಿನ್. ಉಗಿ ಎಂಜಿನ್ ಇರುವುದು ಕೆಳಗೆ, ಮೆಟ್ಟುಪಾಳ್ಯಂನಿಂದ ಕೂನೂರಿನವರೆಗೆ. ಅದೂ ಬೆಳಿಗ್ಗೆ 7 ಗಂಟೆ ದಾಟುತ್ತಿದ್ದ ಹಾಗೆ ಹೊರಡುವ ಗಾಡಿ. ಅಂದರೆ ಹಿಂದಿನ ರಾತ್ರಿ ಮೆಟ್ಟುಪಾಳ್ಯಂನಲ್ಲಿ ಉಳಿಯಬೇಕು. ನಾವು ಮೈಸೂರಿನಿಂದ ಚಾಮರಾಜನಗರ, ದಿಂಬಂ ಘಾಟಿಯ 27 ತಿರುವು, ಸತ್ಯಮಂಗಲ ದಾಟಿ ಕೊಯಮತ್ತೂರಿಗೆ ಹಗಲು ಬಸ್ಸಿನಲ್ಲಿ ಹೋದೆವು. ಅಲ್ಲಿಂದ ಮೆಟ್ಟುಪಾಳ್ಯಂ ಹತ್ತಿರವೇ.

ಬೆಳಿಗ್ಗೆ ಸ್ಟೇಷನ್ನಿಗೆ ಹೋದರೆ ಎಂಜಿನ್ ಆಗಲೇ ಬುಸುಗುಡುತ್ತಿತ್ತು. ಎಂಜಿನ್ ಇದ್ದದ್ದು ಗಾಡಿಯ ಹಿಂದೆ. ಬೆಟ್ಟ ಹತ್ತುವಾಗ ಅದು ಎಳೆಯುವುದಿಲ್ಲ, ಹಿಂದಿನಿಂದ ನೂಕುತ್ತದೆ. ಡ್ರೈವರಿಗೆ ಮುಂದಿನ ದಾರಿ ಕಾಣುವುದಿಲ್ಲ. ಅದಕ್ಕೆ ಒಂದೊಂದು ಡಬ್ಬಿಗೂ ಒಬ್ಬೊಬ್ಬ ಬ್ರೇಕ್‌ಮನ್ ಹೊರಗೆ ನಿಂತಿರುತ್ತಾರೆ. ಮುಂದಿನವರು ಬಾವುಟ ತೋರಿಸಿದರೆ ಹಿಂದಿನವರು, ಅವರ ಹಿಂದಿನವರು, ಹಾಗೆ ಸುದ್ದಿ ಡ್ರೈವರ್‌ವರೆಗೆ ಹೋಗುತ್ತದೆ. ವಾಕಿಟಾಕಿ ಕಾಲದಲ್ಲೂ ಕೈಯಿಂದ ಕೈಗೆ ದಾಟುವ ಈ ಹಸಿರು ಬಾವುಟ ನನಗೆ ತುಂಬಾ ಹಿಡಿಸಿತು.

ಕಲ್ಲಾರ್ ಸ್ಟೇಷನ್ ದಾಟಿದ ಮೇಲೆ ಹಲ್ಲಿನ ಹಳಿ ಶುರು. ಎರಡು ಹಳಿಗಳ ನಡುವೆ ಹಲ್ಲು ಕೊರೆದ ಎರಡು ಉಕ್ಕಿನ ಪಟ್ಟಿ. ಒಂದರ ಹಲ್ಲು ಬರುವ ಕಡೆ ಇನ್ನೊಂದರ ಸಂದು. ಎಂಜಿನ್ನಿನ ಕೆಳಗಿನ ಹಲ್ಲುಚಕ್ರ ಇದನ್ನು ಕಚ್ಚಿಕೊಂಡು ಹತ್ತುತ್ತದೆ. ಸ್ವಿಟ್ಜರ್‌ಲೆಂಡಿನ ರೋಮನ್ ಆಬ್ಟ್ ಕಂಡುಹಿಡಿದ ಪದ್ಧತಿ ಇದು. 12 ಅಡಿ ಮುಂದೆ ಹೋದರೆ 1 ಅಡಿ ಮೇಲೇರುವಷ್ಟು ಕಡಿದಾದ ದಾರಿ. ಬರೀ ಚಕ್ರವನ್ನು ನಂಬಿದರೆ ಜಾರಿಬಿಡುತ್ತದೆ. ಮೆಟ್ಟುಪಾಳ್ಯಂ ಇರುವುದು 326 ಮೀಟರ್ ಎತ್ತರದಲ್ಲಿ, ಕೂನೂರು 1,700 ಮೀಟರ್ ಮೇಲೆ. ಬೆಳಗಿನ ಸೆಕೆಯಲ್ಲಿ ಹೊರಟವರು ಸ್ವೆಟರ್ ಹಾಕಿಕೊಂಡು ಇಳಿಯುತ್ತೇವೆ.

ಈ ಎಂಜಿನ್ನಿನ ಶಬ್ದದಲ್ಲೇ ಅದರ ಕೆಲಸ ಗೊತ್ತಾಗುತ್ತದೆ. ಎಕ್ಸ್ ಕ್ಲಾಸ್ ಅನ್ನುವ ಇದಕ್ಕೆ ನಾಲ್ಕು ಸಿಲಿಂಡರ್. ಸಮತಟ್ಟಿನಲ್ಲಿ ಕೆಳಗಿನ ಎರಡು ಮಾತ್ರ ಮಾಮೂಲಿ ಚಕ್ರಗಳನ್ನು ತಿರುಗಿಸುತ್ತವೆ. ಹಲ್ಲಿನ ಹಳಿ ಬಂದಾಗ ಆ ಎರಡರಲ್ಲಿ ಒಮ್ಮೆ ದುಡಿದ ಉಗಿಯನ್ನೇ ಮೇಲಿನ ಎರಡಕ್ಕೆ ಬಿಡುತ್ತಾರೆ. ಅವು ಹಲ್ಲುಚಕ್ರವನ್ನು ತಿರುಗಿಸುತ್ತವೆ. ಒಂದೇ ಉಗಿಗೆ ಎರಡು ಸಲ ಕೆಲಸ! ಕಲ್ಲಾರ್ ದಾಟಿದ ಮೇಲೆ ಶಬ್ದ ಬದಲಾದದ್ದನ್ನು ಮೊದಲು ಗುರುತಿಸಿದ್ದು ನನ್ನ ಮಗ.

ಆದರೆ ಅಪ್ಪನ ಮುಖದಲ್ಲಿ ಏನೋ ಕೊರತೆ ಕಾಣುತ್ತಿತ್ತು. "ಶಬ್ದ ಸರಿಯಿದೆ, ವಾಸನೆ ಬೇರೆ" ಅಂದರು. ಅವರ ಮಾತು ನಿಜ. ನಮಗೆ ಬಂದದ್ದು ಫರ್ನೇಸ್ ಎಣ್ಣೆಯಲ್ಲಿ ಉರಿಯುವ ಎಂಜಿನ್. ಹಳೆಯ ಎಕ್ಸ್ ಕ್ಲಾಸ್ ಎಂಜಿನ್‌ಗಳು ಸ್ವಿಟ್ಜರ್‌ಲೆಂಡಿನ ವಿಂಟರ್‌ಥೂರ್‌ನಲ್ಲಿ ತಯಾರಾಗಿ ಬಂದವು, ಕಲ್ಲಿದ್ದಲಿನವು. ಆಮೇಲೆ ತಿರುಚಿನಾಪಳ್ಳಿಯ ಗೋಲ್ಡನ್ ರಾಕ್ ವರ್ಕ್‌ಶಾಪಿನಲ್ಲಿ ಎಣ್ಣೆಯ ಎಂಜಿನ್‌ಗಳನ್ನು ಹೊಸದಾಗಿಯೇ ಮಾಡಿದರು. ನಮ್ಮವರೇ ಈ ಕಾಲದಲ್ಲಿ ಉಗಿ ಎಂಜಿನ್ ಹೊಸದಾಗಿ ಕಟ್ಟಿದರು ಅನ್ನುವುದು ದೊಡ್ಡ ಮಾತು. ಕಾಡಿನ ನಡುವೆ ಕಿಡಿ ಹಾರುವ ಭಯವೂ ಎಣ್ಣೆಯಲ್ಲಿ ಕಡಿಮೆ. ಆದರೆ ಹತ್ತಿರ ನಿಂತರೆ ಅಮ್ಮನ ಸೀಮೆಎಣ್ಣೆ ಪಂಪ್ ಸ್ಟೋವಿನ ಹಾಗೆ ಭರ್ ಅನ್ನುತ್ತದೆ, ವಾಸನೆಯೂ ಅದೇ ಜಾತಿಯದು.

ಹಿಲ್‌ಗ್ರೋವ್‌ನಲ್ಲಿ ಎಂಜಿನ್ ನೀರು ಕುಡಿಯುತ್ತದೆ, ನಾವು ಚಹಾ ಕುಡಿಯುತ್ತೇವೆ. ಕೈಯಲ್ಲಿ ತಿಂಡಿ ಹಿಡಿದರೆ ಕೋತಿಗಳು ಬಿಡುವುದಿಲ್ಲ. ಅಪ್ಪ ಅಲ್ಲಿ ಇಳಿದು ಎಂಜಿನ್ನಿನ ಹತ್ತಿರ ಹೋಗಿ, ಮುಟ್ಟದೆ, ಸುಮ್ನೆ ಕೈ ಒಡ್ಡಿ ನಿಂತರು, ಚಳಿ ಕಾಯಿಸಿಕೊಳ್ಳುವವರ ಹಾಗೆ. ಅದರ ಫೋಟೊ ನನ್ನ ಹತ್ತಿರ ಇದೆ.

ಕೂನೂರಿನಲ್ಲಿ ಉಗಿ ಎಂಜಿನ್ ಬಿಚ್ಚಿ ಡೀಸೆಲ್ ಹಾಕುತ್ತಾರೆ. ಹಳಿಯ ಪಕ್ಕದ ಶೆಡ್ಡಿನಲ್ಲಿ ಬೇರೆ ಎಂಜಿನ್‌ಗಳೂ ಕಾಣುತ್ತವೆ. ಅಲ್ಲಿಂದ ಮುಂದೆ ಕೇತಿ ಕಣಿವೆ ಚೆನ್ನಾಗಿದೆ, ಆದರೆ ನಮ್ಮ ಮಟ್ಟಿಗೆ ಪ್ರಯಾಣ ಅರ್ಧ ಮುಗಿದ ಹಾಗೆ. ಒಂದು ಮಾತ್ರ ಮರೆಯಲಾರೆ. ಕೂನೂರಿನಲ್ಲಿ ಹತ್ತಿದ ಬಡಗ ಸಮುದಾಯದ ಅಜ್ಜಿಯೊಬ್ಬರು ಮೊಮ್ಮಗಳ ಜೊತೆ ಮಾತಾಡುತ್ತಿದ್ದರು. ಕಿವಿಗೊಟ್ಟರೆ ಅರ್ಧಕ್ಕರ್ಧ ನಮಗೆ ಅರ್ಥವಾಗುತ್ತಿತ್ತು. ಬಡಗ ಭಾಷೆ ಕನ್ನಡದ ಹತ್ತಿರದ ನಂಟಿನದು ಅಂತ ಓದಿದ್ದೆ, ಕೇಳಿದ್ದು ಅಂದೇ. ಅಪ್ಪ ಕನ್ನಡದಲ್ಲಿ, ಅವರು ಬಡಗದಲ್ಲಿ, ಕೇತಿ ಬರುವವರೆಗೂ ಮಾತು ನಡೆಯಿತು.

ಇನ್ನು ಡಾರ್ಜಿಲಿಂಗ್. ಇಲ್ಲಿ ಮೊದಲೇ ಒಂದು ಪೆಟ್ಟು ತಿಂದೆವು. ಟಿಕೆಟ್ ಮಾಡಿಸಿಕೊಟ್ಟ ಏಜೆಂಟ್ ಒಬ್ಬರು "ಸ್ಟೀಮ್" ಅಂತ ಹೇಳಿ ಡೀಸೆಲ್ ಜಾಯ್ ರೈಡ್ ಟಿಕೆಟ್ ಕೊಟ್ಟಿದ್ದರು. ಹಿಂದಿನ ರಾತ್ರಿ ನೋಡಿಕೊಂಡೆವು. ಬೇರೆ ಟಿಕೆಟ್ ತೆಗೆಯಬೇಕಾಯಿತು. ಅಲ್ಲಿ ಎರಡೂ ಬಗೆಯ ಜಾಯ್ ರೈಡ್ ಇವೆ. ಟಿಕೆಟ್ ತೆಗೆಯುವಾಗಲೇ ಕೇಳಿ, ಓದಿ, ಇನ್ನೊಮ್ಮೆ ಓದಿ.

ಪೂರ್ತಿ ಮಾರ್ಗ ನ್ಯೂ ಜಲ್ಪೈಗುರಿಯಿಂದ ಡಾರ್ಜಿಲಿಂಗ್‌ಗೆ, 88 ಕಿ.ಮೀ. ಉಗಿಯ ಜಾಯ್ ರೈಡ್ ಡಾರ್ಜಿಲಿಂಗ್‌ನಿಂದ ಘುಮ್‌ವರೆಗೆ ಹೋಗಿ ವಾಪಸ್ ಬರುವುದು, ಒಂದು ಕಡೆಗೆ 7-8 ಕಿ.ಮೀ. ಅಷ್ಟೇ. ಸುಮಾರು ಎರಡು ಗಂಟೆ. ಹಳಿ 2 ಅಡಿ ಅಗಲ. ಹಲ್ಲಿನ ಹಳಿ ಇಲ್ಲ. ಈ ಮಾರ್ಗ ಮುಗಿದದ್ದು 1881ರಲ್ಲಿ, ನೀಲಗಿರಿಗೆ ರೈಲು ಬರುವುದಕ್ಕೆ ಹದಿನೆಂಟು ವರ್ಷ ಮೊದಲು. ಬೆಟ್ಟವನ್ನು ಹಲ್ಲಿನಿಂದ ಕಚ್ಚುವ ಬದಲು ಸುತ್ತು ಹಾಕಿ, ಹಿಂದೆ ಮುಂದೆ ಸರಿದು ಹತ್ತುವ ದಾರಿ ಕಂಡುಕೊಂಡರು. ಆ ಹಿಂದೆ ಮುಂದೆ ಸರಿಯುವ ಜಾಗಗಳು ಕೆಳಗಿನ ಭಾಗದಲ್ಲಿವೆ, ಜಾಯ್ ರೈಡಿನಲ್ಲಿ ಸಿಗುವುದಿಲ್ಲ. ಸಿಗುವುದು ಬತಾಸಿಯಾ ಲೂಪ್. 1919ರಲ್ಲಿ ಏರು ತಗ್ಗಿಸಲು ಮಾಡಿದ ಸುತ್ತು ಅದು, ಗಾಡಿ ತನ್ನದೇ ಹಳಿಯ ಮೇಲೆ ದಾಟಿ ಹೋಗುತ್ತದೆ.

ಎಂಜಿನ್ ನೋಡಿ ಅಪ್ಪ ಪ್ಲಾಟ್‌ಫಾರ್ಮಿನಲ್ಲೇ ನಕ್ಕುಬಿಟ್ಟರು. ಅಷ್ಟು ಪುಟ್ಟದು. ಬಿ ಕ್ಲಾಸ್ ಅನ್ನುವ ಈ ಎಂಜಿನ್‌ಗಳು 1889ರಿಂದ 1925ರ ನಡುವೆ ತಯಾರಾದವು. ಇವತ್ತಿಗೂ ಕಲ್ಲಿದ್ದಲು. ಅದರ ಮೈಮೇಲೆ ಎಷ್ಟು ಜನ ಕೆಲಸ ಮಾಡುತ್ತಾರೆ ಗೊತ್ತಾ? ಡ್ರೈವರ್, ಫೈರ್‌ಮನ್ ಅಲ್ಲದೆ ಮೇಲೆ ಕಲ್ಲಿದ್ದಲಿನ ರಾಶಿಯ ಮೇಲೆ ಕೂತು ದೊಡ್ಡ ಗಟ್ಟಿಗಳನ್ನು ಸುತ್ತಿಗೆಯಿಂದ ಒಡೆಯುವವರು ಒಬ್ಬರು. ಮುಂದೆ ಕೂತು ಚಕ್ರ ಜಾರದ ಹಾಗೆ ಹಳಿಗೆ ಕೈಯಾರೆ ಮರಳು ಹಾಕುವವರು ಬೇರೆ. ಎಲ್ಲವೂ ಕಣ್ಣೆದುರಿಗೇ. ನೀಲಗಿರಿಯಲ್ಲಿ ಎಂಜಿನ್ನಿನ ಕೆಲಸವನ್ನು ಕಿವಿಯಿಂದ ಊಹಿಸಬೇಕಿತ್ತು. ಇಲ್ಲಿ ಕಲ್ಲಿದ್ದಲು ಬೆಂಕಿಗೆ ಹೋಗುವುದನ್ನೇ ನೋಡಬಹುದು.

ಗಾಡಿ ಹೊರಟರೆ ಊರಿನ ನಡುವೆಯೇ ಹೋಗುತ್ತದೆ. ತರಕಾರಿ ಅಂಗಡಿ, ಬಟ್ಟೆ ಅಂಗಡಿ, ಮನೆ ಬಾಗಿಲು, ಎಲ್ಲ ಕೈಗೆಟಕುವಷ್ಟು ಹತ್ತಿರ. ರಸ್ತೆಯನ್ನು ಮತ್ತೆ ಮತ್ತೆ ದಾಟುತ್ತದೆ, ಅದಕ್ಕೆ ಸಿಳ್ಳೆ ನಿಲ್ಲುವುದೇ ಇಲ್ಲ. ಮಗನಿಗೆ ಇದರಷ್ಟು ಖುಷಿ ಬೇರೆ ಯಾವುದೂ ಕೊಡಲಿಲ್ಲ. ನನಗೆ ಸ್ವಲ್ಪ ಸಂಕಟವೂ ಆಯಿತು. ಒಗೆದು ಹರವಿದ ಬಟ್ಟೆಯ ಮೇಲೆ ಕಪ್ಪು ಹೊಗೆ ಹೋಗಿ ಕೂರುತ್ತಿತ್ತು. ನಾವು ಒಂದು ದಿನ ಬಂದು ಖುಷಿಪಟ್ಟು ಹೋಗುತ್ತೇವೆ, ಆ ಮನೆಯವರಿಗೆ ಅದು ದಿನಾ ಇದ್ದದ್ದೇ.

ಬತಾಸಿಯಾದಲ್ಲಿ ಹತ್ತು ನಿಮಿಷ ನಿಲ್ಲಿಸಿದರು. ಅಲ್ಲಿ ಗೂರ್ಖಾ ಸೈನಿಕರ ಸ್ಮಾರಕವಿದೆ. ಕಾಂಚನಜುಂಗಾ ಕಾಣಲಿಲ್ಲ, ಏಪ್ರಿಲ್ಲಿನ ಮಬ್ಬು. ಬೆಟ್ಟ ಕಾಣಲೇಬೇಕು ಅನ್ನುವವರು ನವೆಂಬರಿನಲ್ಲಿ ಹೋಗುವುದು ಒಳ್ಳೆಯದು. ಘುಮ್ ಸ್ಟೇಷನ್ 2,258 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಸಣ್ಣ ಮ್ಯೂಸಿಯಂ ಅಂಗಳದಲ್ಲಿ ಬೇಬಿ ಸಿವೋಕ್ ಅನ್ನುವ ಇನ್ನೂ ಪುಟ್ಟ ಎಂಜಿನ್ ಇದೆ. ನಾವು ಅದನ್ನು ನೋಡುವ ಹೊತ್ತಿಗೆ ನಮ್ಮ ಎಂಜಿನ್ ಬಿಚ್ಚಿಕೊಂಡು ಗಾಡಿಯ ಇನ್ನೊಂದು ತುದಿಗೆ ಬಂದು ಸೇರಿತು.

ವಾಪಸ್ ಬರುವಾಗ ಮಗ ಕಿಟಕಿಯಿಂದ ಇಣುಕಿದ. ಕಣ್ಣಿಗೆ ಕಣ ಬಿತ್ತು. ಅಳು ಶುರುವಾಗುವ ಮೊದಲೇ ಅಪ್ಪ ಪಂಚೆಯ ಚುಂಗನ್ನು ಉಂಡೆ ಮಾಡಿ ಊದಿ, "ಉಜ್ಜಬೇಡ ಕಂದಾ, ತೆರೀ ಕಣ್ಣು" ಅಂತ ಒತ್ತಿದರು. ಒಂದೇ ಸಲಕ್ಕೆ ಬಂದುಬಿಟ್ಟಿತು. ಕಪ್ಪನೆಯ ಚುಕ್ಕೆ. ಅದನ್ನು ಬೆರಳ ತುದಿಯಲ್ಲಿಟ್ಟುಕೊಂಡು ನನಗೂ ತೋರಿಸಿದರು.

ದುಡ್ಡಿನ ಲೆಕ್ಕ ಹೇಳಬೇಕು ಅಂದರೆ ನೀಲಗಿರಿಗೆ ಸಾಟಿ ಇಲ್ಲ. ನಾವು ಹೋದಾಗ ಸೆಕೆಂಡ್ ಕ್ಲಾಸಿಗೆ ಒಬ್ಬರಿಗೆ ಮುನ್ನೂರು ರೂಪಾಯಿಯ ಆಸುಪಾಸು, ಐದು ಗಂಟೆ ಹತ್ತಿರದ ಪ್ರಯಾಣ. ಡಾರ್ಜಿಲಿಂಗ್‌ನಲ್ಲಿ ಎರಡು ಗಂಟೆಗೆ ಸಾವಿರದ ಐನೂರರ ಹತ್ತಿರ. ಅಲ್ಲಿಗೆ ಹೋಗುವ ವಿಮಾನದ ಖರ್ಚು ಬೇರೆ. ಆದರೆ ನೀಲಗಿರಿ ಟಿಕೆಟ್ ಸಿಗುವುದೇ ಕಷ್ಟ. ಬುಕಿಂಗ್ ತೆರೆದ ದಿನವೇ ಕೂರಬೇಕು. ಮಳೆಗಾಲದಲ್ಲಿ, ಅದರಲ್ಲೂ ಅಕ್ಟೋಬರ್, ನವೆಂಬರ್‌ನಲ್ಲಿ ಗುಡ್ಡ ಕುಸಿದು ಗಾಡಿ ರದ್ದಾಗುವುದುಂಟು. ಜನವರಿಯಿಂದ ಮಾರ್ಚ್ ಒಳ್ಳೆಯದು.

ಸೀಟಿನ ವಿಷಯದಲ್ಲಿ ಒಂದು ಗುಟ್ಟು. ನೀಲಗಿರಿಯಲ್ಲಿ ಫಸ್ಟ್ ಕ್ಲಾಸ್ ಎಲ್ಲಕ್ಕಿಂತ ಮುಂದೆ ಇತ್ತು, ಅಂದರೆ ಎಂಜಿನ್ನಿನಿಂದ ದೂರ. ದಾರಿ ಚೆನ್ನಾಗಿ ಕಾಣುತ್ತದೆ, ಎಂಜಿನ್ ಕೇಳಿಸುವುದು ಕಡಿಮೆ. ನಮ್ಮಂಥವರಿಗೆ ಹಿಂದಿನ ಸೆಕೆಂಡ್ ಕ್ಲಾಸೇ ವಾಸಿ. ಬೆಂಚು ಇಕ್ಕಟ್ಟು, ಎದುರಿನವರ ಮಂಡಿ ತಾಗುತ್ತದೆ. ಮಂಡಿ ನೋವಿನವರಿಗೆ ಐದು ಗಂಟೆ ಜಾಸ್ತಿಯಾಗುತ್ತದೆ, ಅವರು ಕೂನೂರಿನಲ್ಲೇ ಇಳಿದುಬಿಡಬಹುದು. ಡಾರ್ಜಿಲಿಂಗ್‌ನ ಸೀಟು ಮೆತ್ತಗಿದೆ, ಪ್ರಯಾಣ ಚಿಕ್ಕದು, ನಡುವೆ ಇಳಿದು ಓಡಾಡಬಹುದು. ಚಳಿ ಮತ್ತು ಎತ್ತರ ತಡೆದುಕೊಳ್ಳುವ ಹಾಗಿದ್ದರೆ ವಯಸ್ಸಾದವರಿಗೆ ಅದೇ ಸುಲಭ.

ಒಂದನ್ನೇ ಆರಿಸು ಅಂದರೆ, ಪ್ರಯಾಣಕ್ಕೆ ನನ್ನ ಓಟು ನೀಲಗಿರಿಗೆ. 16 ಸುರಂಗ, 250 ಸೇತುವೆ, ಕಾಡು, ಆಮೇಲೆ ಟೀ ತೋಟ. ಅದು ನಿಜವಾಗಿ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ರೈಲು. ಡಾರ್ಜಿಲಿಂಗ್‌ನದು ಹೊರಟಲ್ಲಿಗೇ ವಾಪಸ್ ಬರುವ ಸುತ್ತಾಟ. ಆದರೆ ಹಳೆಯ ಹೊಗೆಬಂಡಿಯಲ್ಲಿ ಓಡಾಡಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಖರ್ಚಾದರೂ ಪರವಾಗಿಲ್ಲ, ಡಾರ್ಜಿಲಿಂಗ್‌ಗೆ ಕರೆದುಕೊಂಡು ಹೋಗಿ. ಅವರಿಗೆ ಬೇಕಾದ ಹೊಗೆ ಅಲ್ಲಿದೆ.

ಗೋಲ್ಡನ್ ರಾಕ್‌ನಲ್ಲಿ ನೀಲಗಿರಿಗಾಗಿ ಕಲ್ಲಿದ್ದಲಿನ ಎಂಜಿನ್ ಕೂಡ ಮತ್ತೆ ತಯಾರಾಗಿದೆ ಅಂತ ಅಪ್ಪನಿಗೆ ಹೇಳಿದೆ. "ಅದು ಯಾವ ದಿನ ಬರುತ್ತೆ ಕೇಳಿ ಟಿಕೆಟ್ ತೆಗಿ ಪುಟ್ಟಿ" ಅಂದರು. ಬರುವ ಜನವರಿಗೆ ಮತ್ತೆ ಮೆಟ್ಟುಪಾಳ್ಯಂಗೆ ಹೋಗುತ್ತಿದ್ದೇವೆ.