ತುಮಕೂರಿನ ಅಂತರಸನಹಳ್ಳಿ ಕಡೆಯ ಸೈಲೆನ್ಸರ್ ಗ್ಯಾರೇಜ್: ನನ್ನ ಕಾರಿನ ಕನ್ವರ್ಟರ್ ಬದಲಾಯಿಸಿದ ಅನುಭವ

ದೇವರಾಯನದುರ್ಗದ ಏರಿನಲ್ಲಿ ಕಾರು ಎಳೆಯುವುದನ್ನೇ ಬಿಟ್ಟಿತು. ಅಪ್ಪ, ಅಮ್ಮ, ಹೆಂಡತಿ, ಮಗು ಎಲ್ಲರೂ ಒಳಗಿದ್ದಾರೆ, ಎರಡನೇ ಗೇರ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದ್ದೇನೆ, ಎಂಜಿನ್ ಮಾತ್ರ ಮೂಗು ಕಟ್ಟಿದವರ ಹಾಗೆ ಏದುಸಿರು ಬಿಡುತ್ತಿದೆ. ಪಕ್ಕಕ್ಕೆ ನಿಲ್ಲಿಸಿದೆ. ಕೆಳಗಿನಿಂದ ಸುಟ್ಟ ವಾಸನೆ. ಅವತ್ತು ನಾಮದ ಚಿಲುಮೆಯಲ್ಲೇ ಊಟ ಮುಗಿಸಿ ವಾಪಸ್ ಬಂದೆವು.

ನನ್ನದು 2017ರ ಬಿಎಸ್ 4 ಪೆಟ್ರೋಲ್ ಗಾಡಿ, 1.2 ಲೀಟರ್ ಎಂಜಿನ್, 92,000 ಕಿ.ಮೀ. ಓಡಿದೆ. ಅದಕ್ಕೂ ಎರಡು ತಿಂಗಳ ಮುಂಚೆಯೇ ಚೆಕ್ ಎಂಜಿನ್ ಲೈಟ್ ಬರುತ್ತಾ ಹೋಗುತ್ತಾ ಇತ್ತು. ಹೈವೇಯಲ್ಲಿ 80 ದಾಟುವುದೇ ಕಷ್ಟ, ಮೈಲೇಜ್ 16ರಿಂದ 11ಕ್ಕೆ ಇಳಿದಿತ್ತು. ಮೊದಲು ಹೋದ ಗ್ಯಾರೇಜಿನಲ್ಲಿ ಪ್ಲಗ್ ಬದಲಾಯಿಸಿದರು, ಥ್ರಾಟಲ್ ಬಾಡಿ ಕ್ಲೀನ್ ಮಾಡಿದರು, ಏರ್ ಫಿಲ್ಟರ್ ಹಾಕಿದರು. 6,000 ರೂಪಾಯಿ ಹೋಯಿತು, ಗಾಡಿ ಹಾಗೇ ಇತ್ತು. ಎರಡನೇ ಕಡೆ ಸ್ಕ್ಯಾನರ್ ಹಾಕಿದರು, ಪಿ0420 ಕೋಡ್ ಬಂತು. ಕನ್ವರ್ಟರ್, ಅಂದರೆ ಸೈಲೆನ್ಸರ್ ಪೈಪಿನಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಡಬ್ಬಿ, ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಅದರ ಅರ್ಥ. ತಕ್ಷಣ ಅವರು ಹೇಳಿದ್ದು, "ಒಳಗಿರೋದನ್ನ ಒಡೆದು ತೆಗೆದುಬಿಡೋಣ ಸಾರ್, ಬರೀ ಪೈಪ್ ಆಗತ್ತೆ, ಪಿಕಪ್ ಸೂಪರ್ ಬರತ್ತೆ. ದುಡ್ಡೇ ಬೇಡ, ಹಳೇದು ನಮಗೆ ಬಿಟ್ರೆ ಸಾಕು."

ದುಡ್ಡೇ ಬೇಡ ಅಂದಾಗಲೇ ನನಗೆ ಅನುಮಾನ ಬಂತು. ಕನ್ವರ್ಟರ್ ಒಳಗೆ ಜೇನುಗೂಡಿನಂಥ ಪಿಂಗಾಣಿ ಇರುತ್ತದೆ, ಅದರ ಸಣ್ಣ ಸಣ್ಣ ತೂತುಗಳ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ ಇರುತ್ತದೆ. ರೋಡಿಯಂ ಬೆಲೆ 2021ರಲ್ಲಿ ಚಿನ್ನದ ಹತ್ತು ಪಟ್ಟನ್ನೂ ದಾಟಿತ್ತು. ಈಕೋ ವ್ಯಾನುಗಳ ಸೈಲೆನ್ಸರ್ ಕಳ್ಳತನದ ಸುದ್ದಿ ಓದಿರುತ್ತೀರಿ ಅಲ್ವಾ, ಅದು ಈ ಲೇಪಕ್ಕಾಗಿಯೇ. ಅಂದರೆ ಫ್ರೀಯಾಗಿ ಕಿತ್ತುಕೊಡುತ್ತೇವೆ ಅನ್ನುವವರಿಗೆ ಕೂಲಿ ನಮ್ಮ ಗಾಡಿಯಿಂದಲೇ ಸಿಗುತ್ತದೆ.

ಆಮೇಲೆ ಸ್ನೇಹಿತರೊಬ್ಬರು ಅಂತರಸನಹಳ್ಳಿ ಕಡೆಯ ಈ ಗ್ಯಾರೇಜಿಗೆ ಕಳಿಸಿದರು. ಸೈಲೆನ್ಸರ್ ಕೆಲಸವೇ ಮುಖ್ಯ, ಜಾಗ ಚಿಕ್ಕದು. ಯಜಮಾನರಿಗೆ ಐವತ್ತೈದು ವರ್ಷ ಇರಬಹುದು, ಮಾತು ಕಮ್ಮಿ. "ಅಣ್ಣ, ಕನ್ವರ್ಟರ್ ಹೋಗಿದೆಯಂತೆ" ಅಂದೆ. "ಯಾರು ಹೇಳಿದ್ರು? ನೋಡಿದ್ರಾ ಅವ್ರು?" ಅಂತ ಕೇಳಿದರು. ನನಗೆ ಇಷ್ಟವಾಗಿದ್ದೇ ಈ ಪ್ರಶ್ನೆ. ಕೋಡ್ ಬಂದ ಮಾತ್ರಕ್ಕೆ ಕನ್ವರ್ಟರ್ ಸತ್ತಿದೆ ಅಂತಲ್ಲ, ಸೈಲೆನ್ಸರ್ ಪೈಪಿನಲ್ಲಿ ಲೀಕ್ ಇದ್ದರೂ ಸೆನ್ಸರ್ ಕೆಟ್ಟರೂ ಅದೇ ಕೋಡ್ ಬರಬಹುದಂತೆ.

ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಅಂತ ನೋಡುವ ಆಕ್ಸಿಜನ್ ಸೆನ್ಸರ್ ಕನ್ವರ್ಟರ್‌ನ ಮುಂದೊಂದು, ಹಿಂದೊಂದು ಇರುತ್ತದೆ. ಮುಂದಿನದನ್ನು ಬಿಚ್ಚಿ, ಆ ತೂತಿಗೆ ಪ್ರೆಷರ್ ಗೇಜ್ ಸಿಕ್ಕಿಸಿ, ನನ್ನನ್ನೂ ಹತ್ತಿರ ಕರೆದು ತೋರಿಸಿದರು. ಐಡ್ಲಿಂಗ್‌ನಲ್ಲಿ ಎರಡು ಪಿಎಸ್‌ಐ. ಎಂಜಿನ್ 2,500 ಆರ್‌ಪಿಎಂಗೆ ಏರಿಸಿದರೆ ಮುಳ್ಳು ಏಳಕ್ಕೆ ಹೋಯಿತು. ಅಲ್ಲಿ ಮೂರರ ಒಳಗೆ ಇರಬೇಕಂತೆ. ಹೊಗೆ ಹೊರಗೆ ಹೋಗದೆ ಎಂಜಿನ್ನಿಗೇ ತಿರುಗಿ ಒತ್ತುತ್ತಿತ್ತು, ಹಳೆಯ ಹೊಗೆ ಖಾಲಿಯಾಗದಿದ್ದರೆ ಹೊಸ ಗಾಳಿ ಒಳಗೆ ಬರುವುದಾದರೂ ಹೇಗೆ? ಏರು ಹತ್ತದೇ ಇದ್ದಿದ್ದು ಅದಕ್ಕೇ. ಪ್ಲಗ್ ಬದಲಾಯಿಸಿದರೆ ಸರಿ ಹೋಗುವ ಕಾಯಿಲೆಯೇ ಅಲ್ಲ ಇದು.

ಇಷ್ಟಾದ ಮೇಲೂ ಹೊಸದು ಆರ್ಡರ್ ಮಾಡಲಿಲ್ಲ. "ಇದು ಯಾಕೆ ಹೋಯ್ತು ಅಂತ ಗೊತ್ತಾಗ್ದೆ ಹೊಸದು ಹಾಕಿದ್ರೆ ಅದೂ ಹೋಗತ್ತೆ" ಅಂದರು. ಒಂದು ಗಂಟೆ ಹುಡುಕಿ ಮೂರನೇ ಸಿಲಿಂಡರ್‌ನ ಇಗ್ನಿಷನ್ ಕಾಯಿಲ್ ವೀಕ್ ಆಗಿರುವುದನ್ನು ಹಿಡಿದರು. ಅಲ್ಲಿ ಆಗಾಗ ಕಿಡಿ ತಪ್ಪುತ್ತಿತ್ತು. ಸುಡದ ಪೆಟ್ರೋಲ್ ಸೀದಾ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿದಿದೆ. ಆ ಬಿಸಿಗೆ ಪಿಂಗಾಣಿ ಕರಗಿ ತೂತುಗಳು ಮುಚ್ಚಿಹೋಗಿವೆ. ಬಿಚ್ಚಿದ ಮೇಲೆ ಟಾರ್ಚ್ ಬಿಟ್ಟು ತೋರಿಸಿದರು, ಅರ್ಧಕ್ಕರ್ಧ ಗಟ್ಟಿ ಬೆಲ್ಲದ ಹಾಗೆ ಅಂಟಿಕೊಂಡಿತ್ತು.

ಇನ್ನೊಂದು ವಿಷಯ, ನಮ್ಮ ಕಡೆಯವರು ಇದನ್ನು ಓದಲೇಬೇಕು. ಕನ್ವರ್ಟರ್‌ನ ಬಿಸಿ ತಡೆಯುವ ತಗಡು, ಅಂದರೆ ಹೀಟ್ ಶೀಲ್ಡ್ ಹತ್ತಿರ ಕಪ್ಪಗೆ ಸುಟ್ಟ ಸೊಪ್ಪು ಸಿಕ್ಕಿಕೊಂಡಿತ್ತು. "ಹುರುಳಿ ಒಕ್ಕಣೆ ಮೇಲೆ ಓಡ್ಸಿದೀರಾ?" ಅಂತ ಕೇಳಿದರು. ಹೌದು, ಕೊರಟಗೆರೆ ಕಡೆ ಹೋಗುವಾಗ ರಸ್ತೆ ತುಂಬಾ ಹರಡಿದ್ದರು, ಬೇರೆ ದಾರಿ ಇರಲಿಲ್ಲ. ಕನ್ವರ್ಟರ್ ಕೆಲಸ ಶುರು ಮಾಡುವುದೇ ಸುಮಾರು 250ರಿಂದ 300 ಡಿಗ್ರಿ ಬಿಸಿಯಲ್ಲಿ, ಓಡುವಾಗ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ಒಣ ಹುರುಳಿ ಸೊಪ್ಪು ಕೆಳಗೆ ಸುತ್ತಿಕೊಂಡರೆ ಬೆಂಕಿ ಹತ್ತಬಹುದು. ಕಿಡಿ ತಪ್ಪುವ ಎಂಜಿನ್ ಇದ್ದರಂತೂ ಕೇಳಲೇಬೇಡಿ. ಮಗು ಹಿಂದಿನ ಸೀಟಿನಲ್ಲಿ ಮಲಗಿತ್ತು ಅವತ್ತು. ನೆನೆಸಿಕೊಂಡರೆ ಈಗಲೂ ಎದೆ ನಡುಗುತ್ತದೆ. ಒಕ್ಕಣೆ ದಾಟಿದ ಮೇಲೆ ದಯವಿಟ್ಟು ನಿಲ್ಲಿಸಿ, ಬಗ್ಗಿ ನೋಡಿ.

ಬರೀ ಪೈಪ್ ಹಾಕಿಸುವ ಬಗ್ಗೆಯೂ ಕೇಳಿದೆ. ಅವರು ಆ ಕೆಲಸ ಮಾಡುವುದಿಲ್ಲ. ಚಿಕ್ಕ ಎಂಜಿನ್ನಿನಲ್ಲಿ ಚೆನ್ನಾಗಿರುವ ಕನ್ವರ್ಟರ್ ಹೊಗೆಯ ಹರಿವನ್ನು ತಡೆಯುವುದು ತೀರಾ ಕಮ್ಮಿ, ಕಿತ್ತರೆ ಪಿಕಪ್‌ನಲ್ಲಿ ಗೊತ್ತಾಗುವಂಥ ವ್ಯತ್ಯಾಸ ಬರಲ್ಲ ಅಂದರು. ಬ್ಲಾಕ್ ಆಗಿದ್ದನ್ನು ತೆಗೆದಾಗ ಬರುವ ಹಗುರವನ್ನೇ ಜನ ಪವರ್ ಜಾಸ್ತಿ ಆಯಿತು ಅಂದುಕೊಳ್ಳುತ್ತಾರೆ. ಹಿಂದಿನ ಸೆನ್ಸರ್ ಅನ್ನು ಹೊಗೆಯಿಂದ ದೂರ ಇಡುವ ಸ್ಪೇಸರ್ ಅನ್ನೋ ತುಂಡು ಹಾಕಿ ಚೆಕ್ ಎಂಜಿನ್ ಲೈಟ್ ಆರಿಸಬಹುದು, ಆದರೆ ವಿಷದ ಹೊಗೆ ಹಾಗೇ ಹೋಗುತ್ತಿರುತ್ತದೆ, ಎಮಿಷನ್ ಟೆಸ್ಟ್‌ನಲ್ಲಿ ಸಿಕ್ಕಿಬೀಳುತ್ತದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಹೊಗೆ ನಿಯಮ ಮೀರಿದರೆ 10,000 ರೂಪಾಯಿವರೆಗೆ ದಂಡ ಇದೆ. ದಂಡದ ಮಾತು ಬಿಡಿ, ಸ್ಕೂಲ್ ಬಿಡುವ ಹೊತ್ತಿಗೆ ಬಿ.ಎಚ್. ರೋಡಿನಲ್ಲಿ ನಿಂತು ಉಸಿರಾಡಿ ನೋಡಿ. ಕಾರ್ಬನ್ ಮೊನಾಕ್ಸೈಡ್, ಸುಡದ ಪೆಟ್ರೋಲ್ ಆವಿ, ನೈಟ್ರೋಜನ್ ಆಕ್ಸೈಡ್, ಈ ಮೂರನ್ನೂ ಕಡಿಮೆ ಮಾಡುವ ಒಂದೇ ಒಂದು ಡಬ್ಬಿಯನ್ನು ಸುಮ್ನೆ ಒಡೆದು ಬಿಸಾಡುವುದು ನನಗೆ ತಪ್ಪು ಅನ್ನಿಸುತ್ತದೆ.

ಖರ್ಚಿನ ಲೆಕ್ಕ. ಒರಿಜಿನಲ್ ಕನ್ವರ್ಟರ್‌ಗೆ ವಿಚಾರಿಸಿದಾಗ 50,000ದ ಮೇಲೆ ಹೇಳಿದರು. ಇವರು ಹಾಕಿದ್ದು ಹೊರಗಿನ ಕಂಪನಿಯದು, 18,500. ಕಾಯಿಲ್ 2,600, ಗ್ಯಾಸ್ಕೆಟ್, ಬೋಲ್ಟ್, ಕೂಲಿ ಸೇರಿ 2,900. ಒಟ್ಟು 24,000. ಹೊರಗಿನದರಲ್ಲಿ ಲೇಪ ಕಮ್ಮಿ ಇರುತ್ತದೆ, ಒರಿಜಿನಲ್‌ನಷ್ಟು ವರ್ಷ ಬಾಳಿಕೆ ಬರದೇ ಇರಬಹುದು ಅಂತ ಅವರೇ ಮೊದಲು ಹೇಳಿದರು. ಸೆನ್ಸರ್‌ಗಳು ಚೆನ್ನಾಗಿವೆ, ಬದಲಾಯಿಸುವುದು ಬೇಡ ಅಂದರು. ಹಳೆಯ ಕನ್ವರ್ಟರ್ ಚೀಲಕ್ಕೆ ಹಾಕಿ ಕೈಗೆ ಕೊಟ್ಟರು, ಕೇಳುವ ಮುಂಚೆಯೇ.

ಈಗ 80 ಅಲ್ಲ, 100ರಲ್ಲೂ ಗಾಡಿ ಸಲೀಸು. ಗೇಜ್ 2,500 ಆರ್‌ಪಿಎಂನಲ್ಲಿ ಒಂದೂವರೆ ತೋರಿಸಿತು. ಸ್ಕ್ಯಾನರ್‌ನಲ್ಲಿ ಹಿಂದಿನ ಸೆನ್ಸರ್ ಮೊದಲು ಮುಂದಿನದರ ಹಾಗೆಯೇ ಮೇಲೆ ಕೆಳಗೆ ಕುಣಿಯುತ್ತಿತ್ತು, ಈಗ 0.7 ವೋಲ್ಟ್ ಹತ್ತಿರ ಸುಮ್ಮನೆ ನಿಂತಿದೆ, ಅಂದರೆ ಕನ್ವರ್ಟರ್ ಕೆಲಸ ಮಾಡುತ್ತಿದೆ. ಎಮಿಷನ್ ಟೆಸ್ಟ್‌ನಲ್ಲಿ ಐಡ್ಲಿಂಗ್ ಕಾರ್ಬನ್ ಮೊನಾಕ್ಸೈಡ್ ಶೇಕಡಾ 0.04 ಬಂತು. ಬಿಎಸ್ 4 ಪೆಟ್ರೋಲ್ ಗಾಡಿಗೆ ಮಿತಿ 0.3. ಮೈಲೇಜ್ ಹದಿನೈದೂವರೆ. ಸೈಲೆನ್ಸರ್ ಸದ್ದು ಮೊದಲಿಗಿಂತ ಒಂಚೂರು ದಪ್ಪಗಾಗಿದೆ, ಒಳಗೆ ಕೂತವರಿಗೆ ಗೊತ್ತಾಗುವಷ್ಟಿಲ್ಲ.

ಬೇಜಾರಾದ ಸಂಗತಿಯೂ ಇದೆ. ನಾಳೆ ಬರುತ್ತದೆ ಅಂದ ಪಾರ್ಟ್ ಬರಲು ನಾಲ್ಕು ದಿನ ಆಯಿತು, ಫೋನ್ ಮಾಡಿದರೆ ಎತ್ತುವುದಿಲ್ಲ, ನಾನೇ ಎರಡು ಸಲ ಹೋಗಿ ವಿಚಾರಿಸಬೇಕಾಯಿತು. ಗಾಡಿ ತಂದ ಮೂರನೇ ದಿನ ಹೀಟ್ ಶೀಲ್ಡ್ ಸಡಿಲವಾಗಿ ಹಂಪ್ ಮೇಲೆಲ್ಲಾ ಗಲಗಲ ಅನ್ನುತ್ತಿತ್ತು. ತೆಗೆದುಕೊಂಡು ಹೋದರೆ ಹತ್ತು ನಿಮಿಷದಲ್ಲಿ ಬಿಗಿ ಮಾಡಿದರು, ದುಡ್ಡು ತೆಗೆದುಕೊಳ್ಳಲಿಲ್ಲ. ಕಾಯಲು ನೆರಳಿಲ್ಲ, ಒಂದೇ ಬೆಂಚು. ಸಾವಿರ ಕಿ.ಮೀ. ಆದ ಮೇಲೆ ಮತ್ತೆ ಬನ್ನಿ ಅಂದಿದ್ದರು, ಹೋದ ವಾರ ಹೋಗಿದ್ದೆ, ಗೇಜ್ ಹಾಕಿ ನೋಡಿ ಅದೇ ಒಂದೂವರೆ ಇದೆ ಅಂತ ಕಳಿಸಿದರು.

ಐದಕ್ಕೆ ನಾಲ್ಕು ಕೊಡುತ್ತೇನೆ. ಹೋಗುವುದಾದರೆ ಬೆಳಗ್ಗೆಯೇ ಹೋಗಿ, ಗೇಜ್ ನೋಡಿದ ಮೇಲೆ ಸೈಲೆನ್ಸರ್ ಆರುವವರೆಗೆ ಬೋಲ್ಟ್ ಮುಟ್ಟುವುದಿಲ್ಲ, ಅದಕ್ಕೇ ಒಂದು ಗಂಟೆ ಬೇಕು. ಭಾನುವಾರ ರಜೆ.