ಸಬ್‌ವೂಫರ್ ವಯರನ್ನು ಕರೆಂಟಿನ ಪೈಪಿನೊಳಗೆ ಹಾಕಿಸಬೇಡಿ

ಸುರತ್ಕಲ್‌ನಲ್ಲಿ ಮನೆ ಕಟ್ಟಿಸುವಾಗ ಹಾಲ್‌ನಲ್ಲಿ ಹೋಮ್ ಥಿಯೇಟರ್ ಇಡುವುದು ಅಂತ ಮೊದಲೇ ಹೇಳಿದ್ದೆ. ಟಿವಿ ಮತ್ತು ರಿಸೀವರ್ (ಸ್ಪೀಕರುಗಳಿಗೆ ಸದ್ದು ಹಂಚುವ ಪೆಟ್ಟಿಗೆ) ಒಂದು ಗೋಡೆಗೆ, ಸಬ್‌ವೂಫರ್ (ತಗ್ಗಿನ ಸದ್ದು ನುಡಿಸುವ ದೊಡ್ಡ ಸ್ಪೀಕರ್) ಎದುರಿನ ಮೂಲೆಗೆ. "ಅದೆಲ್ಲ ನಾವು ನೋಡಿಕೊಳ್ತೇವೆ" ಅಂದರು ವಯರಿಂಗ್‌ನವರು. ಸಾರಣೆಗೆ ಮೊದಲು ನಾನು ಹೋಗಿ ನೋಡಲಿಲ್ಲ. ಅಲ್ಲೇ ತಪ್ಪಾಯಿತು.

ಒಕ್ಕಲಾಗಿ ಎಲ್ಲ ಜೋಡಿಸಿ ಸ್ವಿಚ್ ಹಾಕಿದರೆ, ಯಾವ ಹಾಡೂ ಇಲ್ಲದೆ ಸಬ್‌ವೂಫರ್ ಒಂದೇ ಸಮ 'ಗುಂಯ್' ಅನ್ನುತ್ತಿತ್ತು. ರಿಸೀವರಿನ ವಾಲ್ಯೂಮ್ ಸೊನ್ನೆ ಮಾಡಿದರೂ ಅಷ್ಟೇ ಸದ್ದು. ರಾತ್ರಿ ಮಲಗುವ ಕೋಣೆಗೂ ಕೇಳುತ್ತಿತ್ತು.

ಅಂಗಡಿಯಿಂದ ಒಬ್ಬ ಹುಡುಗ ಬಂದ. "ಇದು ಅರ್ತಿಂದು ಪ್ರಾಬ್ಲೆಂ" ಅಂದವನೇ ಸಬ್‌ವೂಫರಿನ ತ್ರೀ ಪಿನ್ ಪ್ಲಗ್ ಕತ್ತರಿಸಿ ಟೂ ಪಿನ್ ಹಾಕಿದ. ಹಸಿರು ಅರ್ತ್ ವಯರನ್ನು ಮಡಚಿ ಕಪ್ಪು ಟೇಪ್ ಸುತ್ತಿಬಿಟ್ಟ. ಸದ್ದು ಒಂಚೂರೂ ಕಡಿಮೆಯಾಗಲಿಲ್ಲ. ಇನ್ನೊಮ್ಮೆ ಬರುತ್ತೇನೆ ಅಂತ ಹೋದ, ಪ್ಲಗ್ ಹಾಗೇ ಉಳಿಯಿತು.

ಜೂನ್ ತಿಂಗಳು, ಜೋರು ಮಳೆ. ಅಮ್ಮ ಬರಿಗಾಲಲ್ಲಿ ನೆಲ ಒರೆಸುತ್ತಿದ್ದರು. ಒದ್ದೆ ಕೈ ಸಬ್‌ವೂಫರಿನ ಹಿಂದಿನ ತಗಡಿಗೆ ತಾಗಿತು. "ಮಗಾ, ಇದು ಕೈಗೆ ಜುಂ ಅಂತದೆ" ಅಂದರು. ಟೆಸ್ಟರ್ ಇಟ್ಟು ನೋಡಿದೆ, ದೀಪ ಹೊತ್ತಿತು. ನನಗೆ ಕೈಕಾಲು ತಣ್ಣಗಾಯಿತು.

ಸಬ್‌ವೂಫರಿನ ಒಳಗಿನ ಫಿಲ್ಟರಿನಿಂದ ಒಂದಿಷ್ಟು ಕರೆಂಟ್ ಯಾವಾಗಲೂ ತಗಡಿಗೆ ಸೋರುತ್ತದೆ. ಅದು ಹರಿದು ಹೋಗಲಿಕ್ಕೇ ಆ ಹಸಿರು ವಯರ್ ಇರುವುದು. ಅಮ್ಮನಿಗೆ ತಾಗಿದ್ದು ಬರೀ ಸೋರಿಕೆ. ಒಳಗೆ ಫೇಸ್ ವಯರೇ ತಗಡಿಗೆ ತಾಗಿದ್ದರೆ? ಅರ್ತ್ ಇದ್ದರೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಕೂಡಲೇ ಬೀಳುತ್ತದೆ. ಅರ್ತ್ ಇಲ್ಲದಿದ್ದರೆ ಯಾರಾದರೂ ಮುಟ್ಟುವವರೆಗೆ ಅದು ಬೀಳುವುದಿಲ್ಲ. ಸದ್ದು ಹೋಗಿಸಲು ಅರ್ತ್ ತೆಗೆಯುತ್ತೇನೆ ಅನ್ನುವವರನ್ನು ದಯವಿಟ್ಟು ಅಲ್ಲೇ ತಡೆಯಿರಿ.

ಪರಿಚಯದ ಹಳೆಯ ಎಲೆಕ್ಟ್ರಿಶಿಯನ್ ಒಬ್ಬರನ್ನು ಕರೆಸಿದೆ. ಅವರು ಮೊದಲು ಪ್ಲಗ್ ಸರಿ ಮಾಡಿದರು. ಆಮೇಲೆ ಸ್ವಿಚ್ ಬೋರ್ಡ್ ಬಿಚ್ಚಿದರು. ಒಂದೇ ಪೈಪಿನಲ್ಲಿ 230 ವೋಲ್ಟಿನ ಪ್ಲಗ್ ಲೈನ್, ಅದರ ಪಕ್ಕದಲ್ಲೇ ನಮ್ಮ ಸಬ್‌ವೂಫರ್ ವಯರ್. ಅದೂ ಎಂಥದು? ಸ್ಪೀಕರಿಗೆ ಹಾಕುವ ಕೆಂಪು ಕಪ್ಪು ಜೋಡಿ ವಯರ್, ಎರಡೂ ತುದಿಗೆ ಆರ್‌ಸಿಎ ಪಿನ್ (ಆಡಿಯೋ ಜೋಡಿಸುವ ದುಂಡು ಪಿನ್) ಬೆಸುಗೆ ಹಾಕಿದ್ದು. ಹೊರಗಿನ ಕರೆಂಟಿನ ಸದ್ದು ತಡೆಯುವ ಜಾಲರಿಯ ರಕ್ಷಣೆಯೇ ಮೇಲೆ ಇಲ್ಲ.

ಸಬ್‌ವೂಫರಿನೊಳಗೇ ಆಂಪ್ಲಿಫಯರ್ ಇದ್ದರೆ ರಿಸೀವರಿನಿಂದ ಅದಕ್ಕೆ ಹೋಗುವುದು ತೀರಾ ಸಣ್ಣ ಸಿಗ್ನಲ್. ಪಕ್ಕದ ಕರೆಂಟ್ 50 ಹರ್ಟ್ಸ್‌ನದ್ದು. ಸಬ್‌ವೂಫರ್ ನುಡಿಸುವುದು ಸುಮಾರು 20ರಿಂದ 120 ಹರ್ಟ್ಸ್. ವಯರ್ ಹಿಡಿದುಕೊಂಡ ಆ 50 ಹರ್ಟ್ಸ್ ಅನ್ನು ಅದು ಸಂಗೀತದ ಹಾಗೇ ದೊಡ್ಡದು ಮಾಡಿ ಕೇಳಿಸುತ್ತದೆ. ಅಪಾಯ ಬೇರೆ ಇದೆ: ಪೈಪಿನೊಳಗೆ ಎಲ್ಲಾದರೂ ವಯರ್ ಸುಲಿದರೆ 230 ವೋಲ್ಟ್ ನೇರ ರಿಸೀವರಿಗೆ ಬರಬಹುದು.

ಅವರು ಆರ್‌ಜಿ6 ಕೇಬಲಿಗೆ (ಡಿಶ್ ಟಿವಿಗೆ ಹಾಕುವ, ಜಾಲರಿ ಇರುವ ಕೇಬಲ್) ಆರ್‌ಸಿಎ ಪಿನ್ ಹಾಕಿ ನೆಲದ ಮೇಲೆಯೇ ಎಳೆದು ಜೋಡಿಸಿದರು. ಗುಂಯ್ ನಿಂತೇಹೋಯಿತು. ಈ ಪರೀಕ್ಷೆಗೆ ಐದು ನಿಮಿಷ ಸಾಕು, ಸುಮ್ನೆ ಗೋಡೆ ಒಡೆಸುವ ಮೊದಲು ಮಾಡಿ ನೋಡಿ.

ಕೆಂಪುಕಲ್ಲಿನ ಗೋಡೆ ಮತ್ತೆ ಕೊರೆಸಲು ಮನಸ್ಸಾಗಲಿಲ್ಲ. ಸ್ಕರ್ಟಿಂಗ್ ಮೇಲೆ ಕೇಸಿಂಗ್ ಪಟ್ಟಿ ಹೊಡೆಸಿ ಅದರೊಳಗೆ ಕೇಬಲ್ ತಂದೆವು. ನೋಡಲು ಅಷ್ಟು ಚಂದ ಇಲ್ಲ. ಕರೆಂಟ್ ಲೈನಿನಿಂದ ಒಂದಡಿ ದೂರ ಇಟ್ಟಿದ್ದಾರೆ. ದಾಟಲೇಬೇಕಾದ ಒಂದು ಕಡೆ ಅಡ್ಡಕ್ಕೆ, ಲಂಬ ಕೋನದಲ್ಲಿ ದಾಟಿಸಿದ್ದಾರೆ.

ನಿಮ್ಮ ಮನೆಯಲ್ಲಿ ಇನ್ನೂ ಸಾರಣೆ ಆಗಿಲ್ಲ ಅಂತಾದರೆ ಸಬ್‌ವೂಫರಿಗೆ ಬೇರೆಯೇ ಒಂದಿಂಚಿನ ಪೈಪ್ ಹಾಕಿಸಿ. ತಿರುವಿನಲ್ಲಿ ಎಲ್ಬೋ ಬೇಡ, ಉದ್ದದ ಬೆಂಡ್ ಇರಲಿ. ಇಲ್ಲದಿದ್ದರೆ ಆರ್‌ಸಿಎ ಪಿನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕೇಬಲ್ ಎಳೆಯಲು ಒಳಗೆ ಒಂದು ನೈಲಾನ್ ಹಗ್ಗ ಬಿಟ್ಟಿರಿ. ಗೋಡೆ ಮುಚ್ಚುವ ಮೊದಲು ನೀವೇ ಹೋಗಿ ಫೋಟೋ ತೆಗೆದಿಟ್ಟುಕೊಳ್ಳಿ ಮಾರಾಯ್ರೇ.