ಮಡಿಕೇರಿಯ ಮಳೆಗಾಲದಲ್ಲಿ ಕುರೊಸಾವಾ ಅವರ ‘ಡ್ರೀಮ್ಸ್’ ಬ್ಲೂ-ರೇ

ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ, 1990ರಲ್ಲಿ, ತೆರೆಗೆ ತಂದ ‘ಡ್ರೀಮ್ಸ್’ ಚಿತ್ರದ ಬ್ಲೂ-ರೇ ಡಿಸ್ಕನ್ನು ಅಮೆರಿಕದ ಕ್ರೈಟೀರಿಯನ್ ಸಂಸ್ಥೆ 2016ರಲ್ಲಿ ಹೊರತಂದಿತು. ಎಂಟು ಕನಸುಗಳ ಈ ಚಿತ್ರದಲ್ಲಿ ಕಥೆಯ ಎಳೆ ಹುಡುಕಹೊರಟವರಿಗೆ ನಿರಾಸೆಯಾಗುತ್ತದೆ. ಬಿಗಿಯಾದ ಕಥೆ ಹೆಣೆಯುವುದರಲ್ಲಿ ಪಳಗಿದ ನಿರ್ದೇಶಕರು ಇಲ್ಲಿ ಆ ಹಂಗನ್ನೇ ತೊರೆದು, ತಮ್ಮ ಬಾಲ್ಯವನ್ನೂ ಭಯಗಳನ್ನೂ ನೇರವಾಗಿ ತೋಡಿಕೊಂಡಿದ್ದಾರೆ. ಮೊದಲ ಕನಸಿನ ಮನೆಯ ಹೆಬ್ಬಾಗಿಲಲ್ಲಿ ‘ಕುರೊಸಾವಾ’ ಎಂಬ ಹೆಸರಿನ ಫಲಕವೇ ಇದೆ. ಬಿಸಿಲಲ್ಲಿ ಮಳೆ ಬಂದಾಗ ನರಿಗಳ ಮದುವೆ ನಡೆಯುತ್ತದೆ, ನೋಡಬಾರದು ಎಂದು ಅಲ್ಲಿ ತಾಯಿ ಮಗನನ್ನು ಎಚ್ಚರಿಸುತ್ತಾಳೆ. ‘ಬಿಸಿಲು ಮಳೆ, ಕಾಗೆ ನರಿ ಮದುವೆ’ ಎಂದು ಕುಣಿದು ಬೆಳೆದ ನಮಗೆ ಇದಕ್ಕೆ ಅಡಿಟಿಪ್ಪಣಿ ಬೇಕಿಲ್ಲ.

ಸೇನೆಗೆ ಒಬ್ಬರನ್ನಾದರೂ ಕಳಿಸದ ಒಕ್ಕ (ಕೊಡವರ ಮನೆತನ) ಅಪರೂಪವಾದ ಕೊಡಗಿನಲ್ಲಿ ಹೆಚ್ಚು ಕಾಡುವುದು ನಾಲ್ಕನೆಯ ಕನಸು. ಯುದ್ಧ ಮುಗಿಸಿ ಊರಿಗೆ ಮರಳುತ್ತಿರುವ ಅಧಿಕಾರಿಯೊಬ್ಬ ಸುರಂಗ ದಾಟುತ್ತಾನೆ. ಅವನ ತೋಳಲ್ಲೇ ಸತ್ತಿದ್ದ ಸೈನಿಕ ನೊಗುಚಿ, ನೀಲಿಗಟ್ಟಿದ ಮುಖ ಹೊತ್ತು ಹಿಂದೆಯೇ ಬಂದು, ದೂರದ ಬೆಟ್ಟದಲ್ಲಿ ಮಿನುಗುವ ದೀಪ ತೋರಿಸಿ, ಅದು ತನ್ನ ತಂದೆ-ತಾಯಿಯ ಮನೆ ಎನ್ನುತ್ತಾನೆ. ಆಮೇಲೆ ಸುರಂಗದೊಳಗಿಂದ ಬೂಟುಗಳ ಸಪ್ಪಳ. ಸತ್ತ ತುಕಡಿಗೆ ‘ಹಿಂದೆ ತಿರುಗಿ, ನಡೆಯಿರಿ’ ಎಂದು ಆಜ್ಞೆ ಕೊಡಬೇಕಾದವನೂ ಬದುಕುಳಿದ ಆ ಅಧಿಕಾರಿಯೇ. ಜೊತೆಗೆ ಕುಳಿತಿದ್ದ ನಿವೃತ್ತ ಸುಬೇದಾರರೊಬ್ಬರು ಮಾತಾಡದೆ ರಿಮೋಟ್ ಕೇಳಿ ಪಡೆದು ಆ ಭಾಗವನ್ನು ಮತ್ತೆ ಹಾಕಿ ನೋಡಿದರು.

ಎಲ್ಲ ಕನಸುಗಳೂ ಇಷ್ಟು ಗಟ್ಟಿಯಾಗಿಲ್ಲ. ಅಣುಸ್ಥಾವರದ ಆರು ರಿಯಾಕ್ಟರುಗಳು ಸಿಡಿದು ಫ್ಯೂಜಿ ಪರ್ವತ ಕೆಂಪಾಗುವ ಕನಸಿನಲ್ಲಿ ಪಾತ್ರಗಳು ನಿಂತು ಭಾಷಣ ಮಾಡುತ್ತವೆ. ಕನಸಿಗೆ ಅಷ್ಟು ವಿವರಣೆ ಒಗ್ಗುವುದಿಲ್ಲ.

ಹಳೆಯ ಚಿತ್ರವನ್ನು ಹೆಚ್ಚು ಸ್ಪಷ್ಟವಾಗಿಸುವ 4ಕೆ ಸಂಸ್ಕರಣೆಯಿಂದ ಬಣ್ಣಗಳು ತಿಳಿಯಾಗಿವೆ, ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೇಸಿ ಚಿತ್ರಕಾರ ವ್ಯಾನ್ ಗೋ ಆಗಿ ನಟಿಸಿದ ಭಾಗದಲ್ಲಂತೂ ಇದು ಎದ್ದು ಕಾಣುತ್ತದೆ. ಚಿತ್ರ 119 ನಿಮಿಷದ್ದಾದರೆ, ಡಿಸ್ಕಿನಲ್ಲಿರುವ, ನೊಬುಹಿಕೊ ಒಬಯಾಶಿ ನಿರ್ದೇಶಿಸಿದ, ಚಿತ್ರದ ತಯಾರಿಕೆಯ ಸಾಕ್ಷ್ಯಚಿತ್ರವೇ 150 ನಿಮಿಷದ್ದು. ಚಿತ್ರಕಾರರಾಗಲು ಹೊರಟಿದ್ದ ಕುರೊಸಾವಾ ಕ್ಯಾಮೆರಾ ಹಿಡಿಯುವ ಮೊದಲೇ ದೃಶ್ಯಗಳನ್ನು ಬಣ್ಣದಲ್ಲಿ ಬರೆದಿಡುತ್ತಿದ್ದವರಾದ್ದರಿಂದ, ಈ ಸಾಕ್ಷ್ಯಚಿತ್ರವನ್ನು ತಪ್ಪದೆ ನೋಡಬೇಕು.

ಕೊಳ್ಳುವವರು ಗಮನಿಸಬೇಕಾದದ್ದು: ಅಮೆರಿಕದ ಈ ಬ್ಲೂ-ರೇ ‘ಎ’ ವಲಯದ್ದು, ಭಾರತ ‘ಸಿ’ ವಲಯದಲ್ಲಿದೆ. ಎಲ್ಲ ವಲಯಗಳ ಡಿಸ್ಕ್ ಓಡಿಸುವ ಪ್ಲೇಯರ್ ಇಲ್ಲದಿದ್ದರೆ ಹಣ ದಂಡ. ಅಡಿಬರಹ ಇಂಗ್ಲಿಷಿನಲ್ಲಿ ಮಾತ್ರ ಇದೆ. ಶೀಟಿನ ಮಾಡಿನ ಮನೆಯವರು ಜುಲೈಯಲ್ಲಿ ನೋಡುವುದಾದರೆ ಹೆಡ್‌ಫೋನ್ ಇಟ್ಟುಕೊಳ್ಳಲಿ, ಇಲ್ಲವಾದರೆ ಆ ಬೂಟುಗಳ ಸಪ್ಪಳ ಮಳೆಯ ಸದ್ದಿನಲ್ಲಿ ಕೇಳಿಸದೆ ಹೋಗುತ್ತದೆ.